ಒಂದೇ ಸ್ಕೂಟರ್: ಗಡಿಯ ಆಚೆಗೊಂದು ಬೆಲೆ, ಈಚೆಗೊಂದು ಬೆಲೆ

ಚಿಂಚಲಿಯಿಂದ ಕುಡಚಿ, ಉಗಾರ ದಾಟಿ ಮೀರಜ ಕಡೆ ಹೋಗುವ ರೈಲು ದಾರಿಯ ಎರಡೂ ಬದಿಯ ಊರುಗಳಲ್ಲಿ ಹಳೆಯ ಸ್ಕೂಟರುಗಳು ಇನ್ನೂ ಉಳಿದುಕೊಂಡಿವೆ. ಕೆಲವು ಪಡಸಾಲೆಯ ಮೂಲೆಯಲ್ಲಿ, ಕೆಲವು ದನದ ಕೊಟ್ಟಿಗೆಯ ಹಿಂದೆ ಗೋಣಿಚೀಲ ಹೊದ್ದು ನಿಂತಿವೆ. ಕಬ್ಬಿನ ಬಿಲ್ಲು ಚೆನ್ನಾಗಿ ಬಂದ ವರ್ಷ ಅಜ್ಜ ತಂದಿದ್ದೋ, ನಿಪ್ಪಾಣಿಯ ತಂಬಾಕು ವ್ಯಾಪಾರದ ಲಾಭದಲ್ಲಿ ಕೊಂಡಿದ್ದೋ, ಮದುವೆಯಲ್ಲಿ ಅಳಿಯನಿಗೆ ಕೊಟ್ಟಿದ್ದೋ ಆಗಿರುತ್ತವೆ. ಒಂದು ಕಾಲಕ್ಕೆ ಗುಜರಿಯವರು ಇವನ್ನು ಕಿಲೋ ಲೆಕ್ಕದಲ್ಲಿ ಒಯ್ದರು. ಈಗ ಪುಣೆ, ಕೊಲ್ಹಾಪುರ, ಬೆಂಗಳೂರಿನ ಹುಡುಗರು ಹುಡುಕಿಕೊಂಡು ಬಂದು, ‘ಕಾಕಾ, ಮೂಲ್ಯಾಗ ನಿಂತೈತಲ್ರಿ, ಆ ಗಾಡಿ ಕೊಡ್ತೀರೇನ್ರಿ?’ ಎಂದು ಕೇಳುತ್ತಾರೆ. ಎಷ್ಟು ಹೇಳಬೇಕೆಂದು ಕಾಕಾನಿಗೆ ತಿಳಿಯದು. ಎಷ್ಟು ಕೊಡಬಹುದೆಂದು ಬಂದ ಹುಡುಗನಿಗೂ ಸರಿಯಾಗಿ ತಿಳಿದಿರುವುದಿಲ್ಲ. ಇಬ್ಬರಿಗೂ ಉಪಯೋಗಕ್ಕೆ ಬರಲಿ ಎಂದು ಈ ಬರಹ.

ಇಟಲಿಯ ಗಾಡಿ ಅಂದೊಡನೆ ಡುಕಾಟಿ, ಮೋಟೋ ಗುಝಿ, ಲವೆರ್ಡಾ ಎಂಬ ಹೆಸರುಗಳು ನೆನಪಾಗುತ್ತವೆ. ಅವು ಹಳೆಯ ಕಾಲದಲ್ಲಿ ನಮ್ಮ ಕಡೆಗೆ ಬಂದದ್ದು ಇಲ್ಲವೆನ್ನುವಷ್ಟು ಕಡಿಮೆ. ಇಟಲಿ ನಮ್ಮ ಹಳ್ಳಿಗಳಿಗೆ ಬಂದದ್ದು ಸ್ಕೂಟರಿನ ರೂಪದಲ್ಲಿ. ಪಿಯಾಜಿಯೋ ಕಂಪನಿ 1946ರಲ್ಲಿ ವೆಸ್ಪಾ ಹೊರತಂದಿತು. ಅದರ ಮರುವರ್ಷ ಮಿಲಾನ್ ನಗರದ ಇನೊಚೆಂಟಿ ಕಾರ್ಖಾನೆಯಿಂದ ಲ್ಯಾಂಬ್ರೆಟಾ ಬಂತು. ಸ್ವಾತಂತ್ರ್ಯ ಬಂದ ಕೆಲವೇ ವರ್ಷಗಳಲ್ಲಿ ಎರಡೂ ಭಾರತ ತಲುಪಿದವು. ಲ್ಯಾಂಬ್ರೆಟಾವನ್ನು ಮುಂಬಯಿಯ ಆಟೊಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ, ಅಂದರೆ ಎಪಿಐ, ಇಲ್ಲಿಯೇ ಜೋಡಿಸತೊಡಗಿತು. ಬಜಾಜ್ ಮೊದಲು ವೆಸ್ಪಾಗಳನ್ನು ತರಿಸಿ ಮಾರಿತು. 1960ರ ದಶಕದ ಆರಂಭದಿಂದ ಪಿಯಾಜಿಯೋ ಪರವಾನಗಿಯಡಿ ತಾನೇ ತಯಾರಿಸಿತು. ಆ ಒಪ್ಪಂದ 1971ರಲ್ಲಿ ಮುಗಿಯಿತು. ಮರುವರ್ಷವೇ ಚೇತಕ್ ಬಂತು. 1975ರಲ್ಲಿ ಆರಂಭವಾದ ಸಾತಾರಾದ ಮಹಾರಾಷ್ಟ್ರ ಸ್ಕೂಟರ್ಸ್ ಕಾರ್ಖಾನೆಯಿಂದ ಪ್ರಿಯಾ ಬಂತು. ಇತ್ತ ಇನೊಚೆಂಟಿ ಸ್ಕೂಟರ್ ಮಾಡುವುದನ್ನು ನಿಲ್ಲಿಸಿದಾಗ ಭಾರತ ಸರ್ಕಾರ 1972ರಲ್ಲಿ ಅದರ ಯಂತ್ರಸಾಮಗ್ರಿಯನ್ನೇ ಕೊಂಡು ಲಖನೌಗೆ ತಂದು ಸ್ಕೂಟರ್ಸ್ ಇಂಡಿಯಾ ಲಿಮಿಟೆಡ್ ಕಟ್ಟಿತು. ವಿಜಯ್ ಸೂಪರ್ ಅಲ್ಲಿಯದು. 1980ರ ದಶಕದಲ್ಲಿ ಕಾನ್ಪುರದ ಎಲ್‌ಎಂಎಲ್ ಮತ್ತೆ ಪಿಯಾಜಿಯೋ ಜತೆ ಕೈಜೋಡಿಸಿ ಎಲ್‌ಎಂಎಲ್ ವೆಸ್ಪಾ ಮಾರಿತು.

ಈ ಇತಿಹಾಸ ಹೇಳಿದ್ದು ಸುಮ್ಮನೆ ಅಲ್ಲ. ಬೆಲೆಯ ಮೊದಲ ಮೆಟ್ಟಿಲು ಇಲ್ಲೇ ಇದೆ. ಇಟಲಿಯಲ್ಲೇ ತಯಾರಾಗಿ ಬಂದ ಗಾಡಿ ಎಲ್ಲಕ್ಕಿಂತ ಮೇಲಿನದು. ಪರವಾನಗಿ ಇದ್ದ ಕಾಲದ ಬಜಾಜ್ 150 ಮತ್ತು ಎಪಿಐ ಲ್ಯಾಂಬ್ರೆಟಾ ಅದರ ನಂತರದವು. ಪರವಾನಗಿ ಮುಗಿದ ಮೇಲಿನ ಚೇತಕ್, ಪ್ರಿಯಾ, ವಿಜಯ್ ಸೂಪರ್, ಎಪಿಐಯ ಲ್ಯಾಂಬಿಗಳದ್ದು ಮೂರನೆಯ ಸಾಲು. ಎಲ್‌ಎಂಎಲ್ ಸಂಖ್ಯೆಯಲ್ಲಿ ಹೆಚ್ಚು, ವಯಸ್ಸಿನಲ್ಲಿ ಚಿಕ್ಕದು, ಹಾಗಾಗಿ ಅದು ಕೊನೆಗೆ. ಮಾರುವವರು ಒಂದು ಮೆಟ್ಟಿಲಿನದನ್ನು ಮೇಲಿನ ಮೆಟ್ಟಿಲಿನದೆಂದು ತೋರಿಸುವುದು ಹೊಸತೇನಲ್ಲ. ಅದಕ್ಕೆ ಬೇಕಾದದ್ದು ಒಂದು ಬ್ಯಾಡ್ಜು ಮಾತ್ರ. 1980ರ ಚೇತಕ್ ಮುಂದೆ ವೆಸ್ಪಾ ಅಂತ ಬರೆದಿದ್ದರೆ ಅದು ಪೇಟೆಯಿಂದ ತಂದು ಅಂಟಿಸಿದ್ದು, ಏಕೆಂದರೆ ಆ ಹೆಸರು ಹಾಕುವ ಹಕ್ಕು ಬಜಾಜ್‌ಗೆ ಆಗ ಇರಲಿಲ್ಲ. ‘ಅರವತ್ತೈದರ ವೆಸ್ಪಾ ಐತ್ರಿ’ ಎಂದು ತೋರಿಸಿದ ಬಜಾಜ್ 150ಕ್ಕೆ 10 ಇಂಚಿನ ಚಕ್ರ ಇದ್ದರೆ ಅದನ್ನು ಆಮೇಲೆ ಹಾಕಿದ್ದೆಂದು ತಿಳಿಯಿರಿ. ಆ ಮಾದರಿ ಓಡಿದ್ದು 8 ಇಂಚಿನ ಚಕ್ರದ ಮೇಲೆ. ಲ್ಯಾಂಬ್ರೆಟಾ ಹೆಸರು ಸರ್ಕಾರಿ ಕಂಪನಿಯ ಪಾಲಾದ ಮೇಲೆ ಎಪಿಐ ತನ್ನ ಗಾಡಿಯನ್ನು ಲ್ಯಾಂಬಿ ಎಂದು ಕರೆಯಬೇಕಾಯಿತು. ಆದ್ದರಿಂದ ಮುಂದಿನ ಹೆಸರು ಮತ್ತು ಆರ್‌ಸಿಯಲ್ಲಿರುವ ವರ್ಷ ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುವುದು ಮೊದಲ ಕೆಲಸ.

ಈ ಸ್ಕೂಟರುಗಳಿಗೆ ಸೆಕೆಂಡ್ ಹ್ಯಾಂಡ್ ಬೆಲೆ ಹೆಚ್ಚಾಗಿದ್ದು ಇದೇ ಮೊದಲಲ್ಲ. ಲೈಸೆನ್ಸ್ ರಾಜ್ ಕಾಲದಲ್ಲಿ ಬಜಾಜ್ ಬುಕ್ ಮಾಡಿದವರು ವರ್ಷಗಟ್ಟಲೆ ಕಾಯುತ್ತಿದ್ದರು. ಕೈಗೆ ಬಂದ ಗಾಡಿಯನ್ನು ಅದೇ ವಾರ ಮಾರಿದರೂ ಶೋರೂಮಿನ ದರಕ್ಕಿಂತ ಹೆಚ್ಚು ಸಿಗುತ್ತಿತ್ತು. ಆಗ ಬೆಲೆ ಏರಿಸಿದ್ದು ಕೊರತೆ. ಈಗ ಏರಿಸುತ್ತಿರುವುದೂ ಕೊರತೆಯೇ, ಆದರೆ ಅದರ ಬಗೆ ಬೇರೆ. ಗಾಡಿಗೆ ಬರವಿಲ್ಲ. ಮೂಲ ರೂಪದಲ್ಲಿ ಉಳಿದ, ಕಾಗದ ಸರಿಯಾಗಿರುವ ಗಾಡಿಗೆ ಬರ.

ಆ ಕಾಗದದ ಮಾತು ಗಡಿ ತಾಲ್ಲೂಕುಗಳಲ್ಲಿ ಬೇರೆಡೆಗಿಂತ ಹೆಚ್ಚು ತೂಕದ್ದು. ರಾಯಬಾಗ, ಅಥಣಿ, ಕಾಗವಾಡ, ಚಿಕ್ಕೋಡಿ, ನಿಪ್ಪಾಣಿ ಭಾಗದ ಜನರ ಸಂಬಂಧ, ವ್ಯಾಪಾರ, ದೇವರು ಎಲ್ಲವೂ ಗಡಿಯ ಎರಡೂ ಬದಿಗಿವೆ. ಚಿಂಚಲಿ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದ ಬರುವ ಭಕ್ತರ ಸಂಖ್ಯೆ ನೋಡಿದರೆ ಸಾಕು. ಗಾಡಿಗಳೂ ಹಾಗೆಯೇ ಬಂದವು. ಸಾಂಗ್ಲಿಯ ಮಾವ ಅಳಿಯನಿಗೆ ಕೊಟ್ಟ ಪ್ರಿಯಾ ಚಿಂಚಲಿಯಲ್ಲಿ ಮೂವತ್ತು ವರ್ಷ ಓಡಿರುತ್ತದೆ, ಆದರೆ ಆರ್‌ಸಿ ಇನ್ನೂ ಮಾವನ ಹೆಸರಿನಲ್ಲಿ, ಮಹಾರಾಷ್ಟ್ರದ ನಂಬರಿನಲ್ಲಿ ಇರುತ್ತದೆ. ಮಾವ ತೀರಿಹೋಗಿರುತ್ತಾರೆ. ಕೊಟ್ಟವರಿಗೂ ತೆಗೆದುಕೊಂಡವರಿಗೂ ಅದು ಅಷ್ಟು ದಿನ ಮನೆಯೊಳಗಿನ ಮಾತು. ಮಾರುವ ದಿನ ಅದು ಸರ್ಕಾರದ ಮಾತಾಗುತ್ತದೆ.

ಕಾನೂನು ಏನು ಹೇಳುತ್ತದೆ? ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನಂಬರ್ ಪಡೆಯಬೇಕು. ಅದಕ್ಕೆ ಮೂಲ ಆರ್‌ಟಿಒದಿಂದ ಎನ್‌ಒಸಿ ಬೇಕು, ಅದು ನಮೂನೆ 28. ಮಾರಾಟಕ್ಕೆ ನಮೂನೆ 29 ಮತ್ತು 30. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು ಕೊಡಬೇಕಾದ್ದು ನಮೂನೆ 31. ಹಿಂದೆ ಬ್ಯಾಂಕಿನ ಸಾಲದಲ್ಲಿ ಕೊಂಡಿದ್ದರೆ, ಸಾಲ ತೀರಿ ಎಷ್ಟು ವರ್ಷವಾಗಿದ್ದರೂ ಆರ್‌ಸಿಯ ಮೇಲಿನ ಬ್ಯಾಂಕಿನ ಹೆಸರು ತಾನಾಗಿ ಹೋಗುವುದಿಲ್ಲ. ಅದಕ್ಕೆ ನಮೂನೆ 35. ಇಲ್ಲಿಗೆ ಬಂದ ಮೇಲೆ ಗಾಡಿಯ ವಯಸ್ಸಿಗೆ ತಕ್ಕ ಜೀವಾವಧಿ ತೆರಿಗೆ. ಇನ್ನು 15 ವರ್ಷ ದಾಟಿದ ಖಾಸಗಿ ವಾಹನದ ನೋಂದಣಿಯನ್ನು ಪ್ರತಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. 300 ರೂಪಾಯಿ ಇದ್ದ ದ್ವಿಚಕ್ರ ವಾಹನದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 1,000 ಆಯಿತು. 20 ವರ್ಷ ಮೀರಿದವಕ್ಕೆ 2025ರಲ್ಲಿ 2,000 ಮಾಡಲಾಯಿತು.

ಶುಲ್ಕಕ್ಕಿಂತ ದೊಡ್ಡ ತೊಡಕು ದಾಖಲೆಯದು. ಅರವತ್ತು, ಎಪ್ಪತ್ತರ ದಶಕದ ನೋಂದಣಿಗಳು ಇರುವುದು ದಪ್ಪ ರಿಜಿಸ್ಟರುಗಳಲ್ಲಿ, ಕೈಬರಹದಲ್ಲಿ. ಅವು ‘ವಾಹನ್’ ಕಂಪ್ಯೂಟರ್ ದಾಖಲೆಗೆ ಸೇರದಿದ್ದರೆ ಮೊದಲು ಬ್ಯಾಕ್‌ಲಾಗ್ ಎಂಟ್ರಿ ಆಗಬೇಕು. ಅದಾಗದೆ ನವೀಕರಣವೂ ಇಲ್ಲ, ವರ್ಗಾವಣೆಯೂ ಇಲ್ಲ. ಆದ್ದರಿಂದ ‘ಪೇಪರ್ ಎಲ್ಲಾ ಕ್ಲಿಯರ್ ಅದಾವ್ರಿ’ ಎಂಬ ಮಾತಿಗೆ ತಲೆಯಾಡಿಸಬೇಡಿ. ಮೊಬೈಲ್ ತೆಗೆದು ನಂಬರ್ ಹಾಕಿ ನೋಡಿ. ದಾಖಲೆಯಲ್ಲಿ ಬಂದರೆ ಒಂದು ಬೆಲೆ. ಬಾರದೆ ಹಳೆ ಆರ್‌ಸಿ ಪುಸ್ತಕ ಮಾತ್ರ ಇದ್ದರೆ ಬೆಲೆ ಒಂದಿಷ್ಟು ಇಳಿಯುತ್ತದೆ. ಪುಸ್ತಕವೂ ಇಲ್ಲದಿದ್ದರೆ ಅದು ಸ್ಕೂಟರ್ ಅಲ್ಲ, ಬಿಡಿಭಾಗಗಳ ರಾಶಿ. ಬಿಡಿಭಾಗಗಳ ಬೆಲೆಯನ್ನಷ್ಟೇ ಕೊಡಬೇಕು.

ಗಡಿಯ ಆಚೆ-ಈಚೆ ಎರಡು ಬೆಲೆ ಹುಟ್ಟುವುದು ಇಲ್ಲಿಯೇ. ಸಾಂಗ್ಲಿಯಲ್ಲಿ ನೋಂದಣಿಯಾದ ಗಾಡಿ ಸಾಂಗ್ಲಿಯ ಗಿರಾಕಿಗೆ ಹೋದರೆ ಹೆಸರು ಬದಲಾದರೆ ಮುಗಿಯಿತು. ಅದೇ ಗಾಡಿ ರಾಯಬಾಗದ ಗಿರಾಕಿಗೆ ಬಂದರೆ ಎನ್‌ಒಸಿ, ತೆರಿಗೆ, ಮರುನೋಂದಣಿ, ಓಡಾಟ ಎಲ್ಲವೂ ಸೇರುತ್ತವೆ. ಇದು ಖರ್ಚಿನ ಮಾತಾಯಿತು. ನಷ್ಟದ ಮಾತು ಬೇರೆ ಇದೆ. 1989ರ ಜುಲೈಯಲ್ಲಿ ಹೊಸ ಮೋಟಾರು ವಾಹನ ಕಾಯ್ದೆ ಜಾರಿಗೆ ಬರುವ ಮೊದಲಿನ ಗಾಡಿಗಳಿಗೆ ಹಳೆಯ ಅಕ್ಷರಗಳ ನಂಬರುಗಳಿದ್ದವು. ಮೈಸೂರು ರಾಜ್ಯದ ಕಾಲದವು ‘ಎಂವೈ’ ಎಂದು ಶುರುವಾಗುತ್ತಿದ್ದವು. ಸಂಗ್ರಹಕಾರ ದುಡ್ಡು ಕೊಡುವುದು ಆ ಅಕ್ಷರಗಳಿಗೂ ಸೇರಿಸಿಯೇ. ರಾಜ್ಯ ದಾಟಿ ಹೊಸ ನಂಬರ್ ಬಿದ್ದ ಮರುಕ್ಷಣ ಹಳೆಯ ನಂಬರ್ ಹೋಗುತ್ತದೆ, ಅದಕ್ಕೆ ಸೇರಿದ್ದ ಬೆಲೆಯೂ ಹೋಗುತ್ತದೆ. ಆದ್ದರಿಂದ ಹಳೆಯ ಎಂವೈ ನಂಬರಿನ ಲ್ಯಾಂಬ್ರೆಟಾಗೆ ಬೆಳಗಾವಿ, ಧಾರವಾಡ, ಬೆಂಗಳೂರಿನಲ್ಲಿ ಗಿರಾಕಿ ಹುಡುಕಿ. ಮಹಾರಾಷ್ಟ್ರದ ಹಳೆ ನಂಬರಿನ ಗಾಡಿಗೆ ಮೀರಜ, ಕೊಲ್ಹಾಪುರ, ಪುಣೆಯಲ್ಲಿ ಹುಡುಕಿ. ಗಾಡಿ ಹುಟ್ಟಿದ ರಾಜ್ಯದಲ್ಲೇ ಅದಕ್ಕೆ ಹೆಚ್ಚು ಬೆಲೆ.

ಗಾಡಿಗೆ 50 ವರ್ಷ ದಾಟಿದ್ದರೆ ಇನ್ನೊಂದು ದಾರಿ ಇದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ತಂದಿತು. ಮೂಲ ರೂಪದಲ್ಲಿರುವ, ದೊಡ್ಡ ಬದಲಾವಣೆ ಆಗದ ಗಾಡಿ ಹೊಸದಾಗಿ ನೋಂದಣಿಯಾದರೆ ‘ವಿಎ’ ಅಕ್ಷರಗಳಿರುವ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, 10 ವರ್ಷದ ಅವಧಿ, ಮರುನೋಂದಣಿಗೆ 5,000. ಆದರೆ ಅದರ ಮೇಲೆ ಕುಳಿತು ದಿನಾ ಸಂತೆಗೆ ಹೋಗುವಂತಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಷ್ಟಕ್ಕೇ ರಸ್ತೆಗಿಳಿಸಬೇಕು. ಇಟಲಿಯಲ್ಲಿ ತಯಾರಾದ ಗಾಡಿಗೆ ಈ 20,000 ದಂಡವಲ್ಲ. ಓಡಿಸಲೆಂದು ಕೊಳ್ಳುವ ಬಜಾಜ್‌ಗೆ ಅದು ದಂಡವೇ.

ಕಾಗದದಿಂದ ಈಗ ಲೋಹಕ್ಕೆ ಬರೋಣ. ಚಾಸಿಸ್ ನಂಬರ್ ಮತ್ತು ಇಂಜಿನ್ ನಂಬರ್ ಎರಡನ್ನೂ ಆರ್‌ಸಿ ಜತೆ ತಾಳೆ ನೋಡಬೇಕು. ಹಳೆಯ ವೆಸ್ಪಾ ಮಾದರಿಯಲ್ಲಿ ಬಲಬದಿಯ, ಇಂಜಿನ್ ಕಡೆಯ ಡಬ್ಬಿ ತೆಗೆದರೆ ಬಾಡಿಯ ಮೇಲೆ ಚಾಸಿಸ್ ನಂಬರ್ ಸಿಗುತ್ತದೆ. ಮಣ್ಣು, ಎಣ್ಣೆ ಒರೆಸಿ, ತೆಳು ಕಾಗದ ಇಟ್ಟು ಮೇಲೆ ಪೆನ್ಸಿಲ್ ಉಜ್ಜಿ. ಆರ್‌ಟಿಒದಲ್ಲಿ ತೆಗೆಯುವ ಪೆನ್ಸಿಲ್ ಪ್ರಿಂಟ್ ಅದೇ. ಕಣ್ಣಿಗೆ ಕಾಣದ್ದು ಕಾಗದದ ಮೇಲೆ ಮೂಡುತ್ತದೆ: ಒಂದು ಅಂಕಿ ಆಳ, ಪಕ್ಕದ್ದು ಮೇಲುಮೇಲೆ, ಸಾಲು ಸೊಟ್ಟ, ಹಿಂದೆ ಗ್ರೈಂಡರ್ ಹೊಡೆದ ಗೀರು. ಹೀಗೆ ಕಂಡರೆ ಚೌಕಾಸಿಗೆ ಕೂಡ ನಿಲ್ಲಬೇಡಿ, ಎದ್ದು ಬನ್ನಿ. ಅದು ಬೆಲೆಯ ಪ್ರಶ್ನೆಯಾಗಿ ಉಳಿದಿಲ್ಲ, ಪೊಲೀಸ್ ಠಾಣೆಯ ಪ್ರಶ್ನೆ.

ಇದರ ಜತೆಗೆ ಒಂದು ತಪ್ಪು ತಿಳಿವಳಿಕೆಯನ್ನೂ ತೆಗೆದುಹಾಕಬೇಕು. ‘ಮ್ಯಾಚಿಂಗ್ ನಂಬರ್ ಗಾಡಿ’ ಎಂಬ ಮಾತು ಪೇಟೆಯಲ್ಲಿ ಬಹಳ ಓಡುತ್ತದೆ. ಇಟಲಿಯ ಹಳೆಯ ವೆಸ್ಪಾ, ಲ್ಯಾಂಬ್ರೆಟಾಗಳಲ್ಲಿ ಚಾಸಿಸ್ ಮತ್ತು ಇಂಜಿನ್‌ಗೆ ಒಂದೇ ನಂಬರ್ ಇರಬೇಕೆಂಬ ಪದ್ಧತಿಯೇ ಇರಲಿಲ್ಲ. ಡುಕಾಟಿಯ ಹಳೆಯ ಬೆವೆಲ್ ಇಂಜಿನ್ ಬೈಕುಗಳ ಕಥೆಯೂ ಅದೇ. ನಂಬರ್ ಒಂದೇ ಇಲ್ಲ ಎಂದು ಬೆಲೆ ಇಳಿಸುವುದು ತಪ್ಪು. ಎರಡೂ ಒಂದೇ ಇವೆ ಎಂದು ಬೆಲೆ ಏರಿಸುವುದಂತೂ ಅನುಮಾನಕ್ಕೆ ದಾರಿ. ನೋಡಬೇಕಾದದ್ದು ಎರಡೂ ಆರ್‌ಸಿಯಲ್ಲಿರುವಂತೆ ಇವೆಯೇ ಮತ್ತು ಎರಡೂ ಅದೇ ಮಾದರಿಗೆ ಸೇರಿದವೇ ಎಂಬುದನ್ನು.

ಎತ್ತು ಕೊಳ್ಳುವ ರೈತ ಕೊಂಬಿನ ಬಣ್ಣಕ್ಕೆ ಮರುಳಾಗದೆ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಸ್ಕೂಟರಿನ ಹಲ್ಲು ಇರುವುದು ಅದರ ಹೊಟ್ಟೆಯ ಕೆಳಗೆ. ಗಾಡಿಯನ್ನು ಎಡಕ್ಕೆ ವಾಲಿಸಿ, ಕಾಲಿಡುವ ಪಾಟಿಯ ಕೆಳಭಾಗ ನೋಡಿ. ವೆಸ್ಪಾ ವಂಶದ ಗಾಡಿಗೆ ಬೇರೆ ಚೌಕಟ್ಟು ಇಲ್ಲ. ಒತ್ತಿ ಮಾಡಿದ ತಗಡೇ ಅದರ ಬೆನ್ನೆಲುಬು. ನಮ್ಮ ಕಡೆಯ ಕರಿಮಣ್ಣು ಮಳೆಗಾಲದಲ್ಲಿ ಪಾಟಿಯ ಕೆಳಗಿನ ಅಡ್ಡಪಟ್ಟಿಗಳಲ್ಲಿ ಮೆತ್ತಿಕೊಂಡು, ತೇವ ಹಿಡಿದು, ತಗಡನ್ನು ತಿನ್ನುತ್ತದೆ. ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ. ಒಳಗೆ ಹೋದರೆ ಪಾಟಿ ಪೂರ್ತಿ ಕತ್ತರಿಸಿ ಹೊಸದು ವೆಲ್ಡ್ ಮಾಡಿಸಬೇಕು. ಲ್ಯಾಂಬ್ರೆಟಾದ್ದು ಹಾಗಲ್ಲ. ಒಳಗೆ ದಪ್ಪ ಪೈಪಿನ ಚೌಕಟ್ಟು ಇದೆ, ತಗಡು ಅದರ ಮೇಲಿನ ಹೊದಿಕೆ. ಅಲ್ಲಿ ತಗಡು ತೂತಾದರೆ ಬದಲಿಸಬಹುದು, ಆದರೆ ಪೈಪು ಬಾಗಿದ್ದರೆ ಕಷ್ಟ. ಹಿಂದೆ ನಿಂತು ಎರಡೂ ಚಕ್ರ ಒಂದೇ ಗೆರೆಯಲ್ಲಿವೆಯೇ ನೋಡಿ. ಎರಡೂ ಬದಿಯ ಡಬ್ಬಿಗಳು ಬಾಡಿಗೆ ಸಮನಾಗಿ ಕೂರುತ್ತವೆಯೇ ನೋಡಿ. ಒಂದು ಬದಿಗೆ ಬೆರಳು ತೂರುವಷ್ಟು ಸಂದಿ, ಇನ್ನೊಂದು ಬದಿಗೆ ಬಿಗಿಯಾಗಿದ್ದರೆ ಗಾಡಿ ಯಾವಾಗಲೋ ಜೋರಾಗಿ ಬಿದ್ದಿದೆ.

ಬಣ್ಣದ ಮೇಲೆ ಬಟ್ಟೆ ಸುತ್ತಿದ ಚಿಕ್ಕ ಅಯಸ್ಕಾಂತ ಆಡಿಸಿ. ಹಿಡಿಯುವಲ್ಲಿ ತಗಡಿದೆ. ಜಾರುವಲ್ಲಿ ಪುಟ್ಟಿ ತುಂಬಿದೆ. ಹ್ಯಾಂಡಲ್ ತಲೆ ಅಲ್ಯೂಮಿನಿಯಂ ಆದ್ದರಿಂದ ಅಲ್ಲಿ ಹಿಡಿಯದು, ಅದಕ್ಕೆ ಗಾಬರಿ ಬೇಡ. ಅಯಸ್ಕಾಂತ ಇಲ್ಲದಿದ್ದರೆ ಬೆರಳ ಗೆಣ್ಣಿನಿಂದ ತಟ್ಟಿ. ತಗಡು ಟಣ್ ಎನ್ನುತ್ತದೆ, ಪುಟ್ಟಿ ದಬ್ ಎನ್ನುತ್ತದೆ. ಭಾರತದಲ್ಲಿ ರೆಸ್ಟೋರ್ ಆಗಿ ಬ್ರಿಟನ್ನಿಗೆ ಹೋದ ಎಷ್ಟೋ ವೆಸ್ಪಾ, ಲ್ಯಾಂಬ್ರೆಟಾಗಳು ಹೊಳೆಯುವ ಬಣ್ಣದ ಕೆಳಗೆ ಪುಟ್ಟಿ ಮತ್ತು ತುಂಡು ಜೋಡಿಸಿದ ಬಾಡಿ ಇಟ್ಟುಕೊಂಡು ಹೋಗಿ ನಮ್ಮ ಹೆಸರು ಕೆಡಿಸಿವೆ. ಅಲ್ಲಿಯ ತಿಳಿದ ಗಿರಾಕಿ ಹೊಸ ಬಣ್ಣದ ಭಾರತೀಯ ಸ್ಕೂಟರನ್ನು ಇಂದಿಗೂ ಅನುಮಾನದಿಂದಲೇ ನೋಡುತ್ತಾನೆ. ತುಕ್ಕು ಕಾಣುವ ಹಳೆ ಬಣ್ಣದ ಗಾಡಿಗೆ ಹೆಚ್ಚು ಕೊಡಲು ಮಾತ್ರ ಅವನು ತಯಾರು, ಏಕೆಂದರೆ ಅದರಲ್ಲಿ ಬಚ್ಚಿಟ್ಟದ್ದು ಏನೂ ಇಲ್ಲ.

ಇಂಜಿನ್ನಿಗೆ ಜನ ಕೊಡುವ ಮಹತ್ವ ಅಗತ್ಯಕ್ಕಿಂತ ಹೆಚ್ಚು. ಟೂ ಸ್ಟ್ರೋಕ್ ಇಂಜಿನ್ ಸರಳ. ಬೋರ್ ಹೊಡೆಸಿ ಪಿಸ್ಟನ್ ಹಾಕಿಸುವುದು ನಮ್ಮ ಊರ ಮಿಸ್ತ್ರಿಗಳಿಗೆ ಬಾಯಿಪಾಠ. ಆದರೂ ಮೂರು ವಿಷಯ ಗಮನಿಸಿ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕ್ಲಚ್ ಬದಿಯ ಆಯಿಲ್ ಸೀಲ್ ಹೋಗಿ ಗೇರ್ ಆಯಿಲ್ ಉರಿಯುತ್ತಿರಬಹುದು. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ತಾನಾಗಿ ಕೂಗುತ್ತಿದ್ದರೆ ಮ್ಯಾಗ್ನೆಟ್ ಬದಿಯ ಸೀಲಿನಿಂದ ಗಾಳಿ ಎಳೆಯುತ್ತಿರಬಹುದು. ಏರಿನಲ್ಲಿ ಎರಡನೆಯ ಗೇರ್ ಹಾರಿ ನ್ಯೂಟ್ರಲ್‌ಗೆ ಬಂದರೆ ಗೇರ್ ಹಿಡಿಯುವ ಭಾಗ ಸವೆದಿದೆ, ಇಂಜಿನ್ ಪೂರ್ತಿ ಬಿಚ್ಚಬೇಕು. ಇವೆಲ್ಲ ದುಡ್ಡಿನಿಂದ ಸರಿಹೋಗುವ ಮಾತು. ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗದವು ಬೇರೆ ಇವೆ: ಮೂಲ ಸ್ಪೀಡೊಮೀಟರ್, ಇಟಲಿಯ ಲೈಟ್ ಸ್ವಿಚ್, ಎರಕದ ಬ್ಯಾಡ್ಜು, ಹಾರ್ನ್ ಮೇಲಿನ ಮುಚ್ಚಳ, ಮೂಲ ಸೀಟಿನ ಚೌಕಟ್ಟು. ಬಜಾಜ್ ಪಿಸ್ಟನ್ ಯಾವ ಊರಿನಲ್ಲಾದರೂ ಸಿಕ್ಕೀತು. ಆ ಸ್ಪೀಡೊಮೀಟರ್ ಸಿಗದು. ಅದಕ್ಕೇ ಓಡುವ ಆದರೆ ಖಾಲಿಯಾದ ಗಾಡಿಗಿಂತ ಓಡದ ಆದರೆ ತುಂಬಿದ ಗಾಡಿ ಮೇಲು.

ಇನ್ನು ಲೆಕ್ಕ. ಮುಂದಿನ ಅಂಕಿಗಳು ಪೇಟೆಯ ದರವಲ್ಲ, ಲೆಕ್ಕ ಹಾಕುವ ಬಗೆ ತೋರಿಸಲು ಹಿಡಿದವು. ಪೂರ್ತಿ ಸಿದ್ಧವಾದ, ಕಾಗದ ಸರಿಯಿರುವ ಅದೇ ಮಾದರಿ 1 ಲಕ್ಷಕ್ಕೆ ಹೋಗುತ್ತದೆ ಎಂದುಕೊಳ್ಳಿ. ನಿಮ್ಮ ಮುಂದಿರುವ ಗಾಡಿಗೆ ತಗಡು ಕೆಲಸ ಮತ್ತು ಬಣ್ಣಕ್ಕೆ 30 ಸಾವಿರ, ಇಂಜಿನ್ನಿಗೆ 12, ಟೈರು, ವೈರಿಂಗ್, ಕೇಬಲ್ಲಿಗೆ 10, ಕಾಗದಕ್ಕೆ 8 ಸಾವಿರ ಬೇಕು. ಒಟ್ಟು 60 ಸಾವಿರ. ಉಳಿದದ್ದು 40. ಗಾಡಿ ಬಿಚ್ಚಿದ ಮೇಲೆ ಹೊಸ ಖರ್ಚು ಹೊರಬರದೆ ಇರುವುದಿಲ್ಲ, ಅದಕ್ಕೆ 10 ತೆಗೆದಿಡಿ. ನೀವು ಕೊಡಬಹುದಾದ್ದು 30 ಸಾವಿರ. ಮಾರುವವರು 60 ಕೇಳಿದರೆ ಅವರು ಕೇಳುತ್ತಿರುವುದು ಸ್ಕೂಟರಿನ ಬೆಲೆ ಅಲ್ಲ, ಅಪ್ಪನ ನೆನಪಿನ ಬೆಲೆ. ಅದು ತಪ್ಪಲ್ಲ, ಆದರೆ ಆ ದುಡ್ಡನ್ನು ಗಿರಾಕಿ ಕೊಡಲಾರ. ಜಾಹೀರಾತಿನಲ್ಲಿ ಕಾಣುವ ದರವೂ ಕೇಳಿದ ದರವೇ ಹೊರತು ಮಾರಾಟವಾದ ದರವಲ್ಲ. ತಿಂಗಳುಗಟ್ಟಲೆ ಅದೇ ಜಾಹೀರಾತು ಕಾಣುತ್ತಿದ್ದರೆ ಆ ದರಕ್ಕೆ ಯಾರೂ ಒಪ್ಪಿಲ್ಲವೆಂದೇ ಅರ್ಥ.

ದೊಡ್ಡ ಬೈಕುಗಳಿಗೂ ಇದೇ ನ್ಯಾಯ. ಪಾಲ್ ಸ್ಮಾರ್ಟ್ 1972ರ ಇಮೋಲಾ 200 ರೇಸ್ ಗೆದ್ದ ಡುಕಾಟಿಯ ರಸ್ತೆ ರೂಪವಾಗಿ 1974ರಲ್ಲಿ ಬಂದ 750 ಸೂಪರ್ ಸ್ಪೋರ್ಟ್ ತಯಾರಾದದ್ದು ಸುಮಾರು 400 ಮಾತ್ರ. ಗೆಲುವಿನ ಇತಿಹಾಸ, ಕಡಿಮೆ ಸಂಖ್ಯೆ, ಮೂಲ ಭಾಗಗಳು ಮೂರೂ ಸೇರಿದ್ದರಿಂದ ಇಂದು ಅದು ಪ್ರಪಂಚದ ದುಬಾರಿ ಬೈಕುಗಳ ಸಾಲಿನಲ್ಲಿದೆ. ಬರೀ ಇಟಲಿಯ ಹೆಸರು ಆ ಬೆಲೆ ತರುವುದಿಲ್ಲ. ಬೆನೆಲಿ ಹೆಸರು ಇಟಲಿಯದಾದರೂ 2005ರಿಂದ ಕಂಪನಿ ಚೀನಾದ ಕೈಯಲ್ಲಿದೆ. ಭಾರತದಲ್ಲಿ ಅದನ್ನು ಮಾರುವ ಸಂಸ್ಥೆ 2018ರಲ್ಲಿ ಬದಲಾಯಿತು. ಇಂಥ ಬದಲಾವಣೆಯ ಹೊತ್ತಿನಲ್ಲಿ ಬೈಕ್ ಕೊಳ್ಳುವವನು ಮೊದಲು ಕೇಳಬೇಕಾದ್ದು ಬಿಡಿಭಾಗ ಎಲ್ಲಿ ಸಿಗುತ್ತದೆ, ಯಾರು ಬಿಚ್ಚುತ್ತಾರೆ ಎಂದು. ಡುಕಾಟಿಯ ಎಷ್ಟೋ ಮಾದರಿಗಳ ಇಂಜಿನ್ನಿನ ಟೈಮಿಂಗ್ ಬೆಲ್ಟ್ ರಬ್ಬರಿನದು. ಬೈಕ್ ಓಡದೆ ನಿಂತರೂ ಅದಕ್ಕೆ ವಯಸ್ಸಾಗುತ್ತದೆ. ‘ಕಡಿಮೆ ಓಡಿದ ಗಾಡಿ ಐತ್ರಿ’ ಎಂಬುದು ಅಲ್ಲಿ ಹೊಗಳಿಕೆಯಲ್ಲ. ಕೊನೆಯ ಬಾರಿ ಬೆಲ್ಟ್ ಬದಲಿಸಿದ ಬಿಲ್ಲು ತೋರಿಸಿ ಎಂದು ಕೇಳಬೇಕು.

ಮನೆಯಲ್ಲಿ ಹಳೆಯ ಗಾಡಿ ಇರುವವರಿಗೆ ಒಂದು ಮಾತು. ಮಾರುವ ಮೊದಲು ಬಣ್ಣ ಹೊಡೆಸಬೇಡಿ. ಹಾಕಿದ ದುಡ್ಡು ಬರುವುದಿಲ್ಲ, ಇದ್ದ ಬೆಲೆಯೂ ಹೋಗುತ್ತದೆ. ಬಿದ್ದ ಬ್ಯಾಡ್ಜು, ಮುರಿದ ಸ್ವಿಚ್ಚು, ಹಳೆ ಸೀಟು ಏನನ್ನೂ ಗುಜರಿಗೆ ಹಾಕಬೇಡಿ, ಡಬ್ಬಿಯಲ್ಲಿಟ್ಟು ಗಾಡಿಯ ಜತೆಗೇ ಕೊಡಿ. ಖರ್ಚು ಮಾಡಲೇಬೇಕೆಂದಿದ್ದರೆ ಆರ್‌ಟಿಒದಲ್ಲಿ ಮಾಡಿ: ಹೆಸರು ವರ್ಗಾಯಿಸಿ, ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಿ, ಬ್ಯಾಂಕಿನ ಹೆಸರು ತೆಗೆಸಿ, ನೋಂದಣಿ ನವೀಕರಿಸಿ. ಅಜ್ಜನ ಹೆಸರಿನ ಆರ್‌ಸಿ ಇದ್ದರೆ ಎಲ್ಲ ವಾರಸುದಾರರೂ ಬದುಕಿರುವಾಗಲೇ ಅವರ ಸಹಿ ತೆಗೆದುಕೊಳ್ಳಿ. ವರ್ಷ ಕಳೆದಂತೆ ಸಹಿ ಹಾಕಬೇಕಾದವರ ಪಟ್ಟಿ ಬೆಳೆಯುತ್ತದೆ, ಸ್ಕೂಟರಿನ ಬೆಲೆ ಬೆಳೆಯುವುದಿಲ್ಲ.